ಮೂರನೇ ನಂಬರಿನ ರಕ್ತ

ಗೆರೆ ಇರಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಓರೆ ಮಾಡಿ ನೋಡಿದ, ಕನ್ನಡಕ ತೆಗೆದು ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದ. ಐವತ್ತೆಂಟು ಎಂದು ಬರೆದ ಗುರುತಿನ ನೇರಕ್ಕೆ ಇರಬೇಕಾಗಿದ್ದ ಕಪ್ಪು ಗೆರೆ ರಕ್ತದ ಹನ್ನೆರಡು ಸ್ಯಾಂಪಲ್ಲುಗಳ ಸಾಲುಗಳಲ್ಲಿ ಒಂದರಲ್ಲೂ ಇರಲಿಲ್ಲ. ಹಾಳೆಯ ಮೂಲೆಗೆ ಗುಂಡುಪಿನ್ನಿನಲ್ಲಿ ಚುಚ್ಚಿದ ಚೀಟಿ: 'ಸರ್, ದಯವಿಟ್ಟು ನೋಡಿ. ಹನ್ನೊಂದಕ್ಕೆ ಬರುತ್ತೇನೆ.' ಅಕ್ಷರ ದುಂಡಗಿತ್ತು, ಶಾಲೆಯಲ್ಲಿ ಕಾಪಿ ಬರೆದು ಬಹುಮಾನ ಹೊಡೆದವರ ಅಕ್ಷರ. ಅಂಥ ಅಕ್ಷರದವರನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಆಗದು. ಅಂಚು ಬಿಟ್ಟು ಬರೆಯುವವರು, ತಪ್ಪಾದರೆ ಒಂದೇ ಗೆರೆಯಲ್ಲಿ ಹೊಡೆದುಹಾಕುವವರು, ಬದುಕಿನಲ್ಲಿ ಏನನ್ನೂ ಕಂಡುಹಿಡಿಯದವರು. ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕ ನಿರ್ದೇಶಕರು ಅವನ ಭುಜ ತಟ್ಟಿ, ಮುಂದಿನ ತಿಂಗಳು ನಿಮ್ಮ ನಿವೃತ್ತಿಗೆ ದೊಡ್ಡ ಸಭೆ ಮಾಡೋಣ, ಆಹ್ವಾನಪತ್ರದ ಮೇಲೆ ನಿಮ್ಮ ಪ್ರೋಟೀನಿನ ಗೆರೆಯ ಚಿತ್ರವನ್ನೇ ಹಾಕಿಸೋಣ ಎಂದಿದ್ದರು. ಆ ಮನುಷ್ಯ ಪ್ರಯೋಗಾಲಯದೊಳಗೆ ಕೊನೆಯ ಸಲ ಕಾಲಿಟ್ಟು ಒಂಬತ್ತು ವರ್ಷವಾಗಿತ್ತು. ಯಾರ ಪಕ್ಕ ಯಾರನ್ನು ಕೂರಿಸಿದರೆ ಯಾರಿಗೆ ಸಿಟ್ಟು ಬರುತ್ತದೆ ಎನ್ನುವುದೊಂದೇ ಈಗ ಅವರಿಗೆ ಗೊತ್ತಿರುವ ವಿಜ್ಞಾನ. ಹಾಗಿದ್ದರೂ ಅವನು ನಕ್ಕಿದ್ದ, ಥ್ಯಾಂಕ್ಸ್ ಎಂದಿದ್ದ. ಅದು ನೆನಪಾಗಿ ಈಗ ಮೈ ಉರಿಯಿತು.

ಇಪ್ಪತ್ತೆರಡು ವರ್ಷದಿಂದ ಆ ಗೆರೆ ಅವನದು. ಮನುಷ್ಯನ ಕೆಂಪು ರಕ್ತಕಣಕ್ಕೆ ಕೋಶಕೇಂದ್ರ ಇಲ್ಲ, ಅದು ಬರೀ ಚೀಲ, ಉಸಿರನ್ನು ಹೊತ್ತು ತಿರುಗುವ ಹಮಾಲಿ, ಅದಕ್ಕೆ ಹೇಳುವುದೂ ಇಲ್ಲ ಕೇಳುವುದೂ ಇಲ್ಲ ಎಂದು ಎಲ್ಲರೂ ಒಪ್ಪಿ ಕೈತೊಳೆದುಕೊಂಡಿದ್ದ ಕಾಲದಲ್ಲಿ, ಇಲ್ಲ, ಈ ಚೀಲದ ಗೋಡೆಯಲ್ಲೂ ಹೊರಗಿನ ಸುದ್ದಿಯನ್ನು ಒಳಗೆ ದಾಟಿಸುವ ಒಂದು ಪ್ರೋಟೀನು ಇದೆ ಎಂದು ತೋರಿಸಿದವನು ಅವನು. ಅದರ ತೂಕದ ಲೆಕ್ಕದಿಂದ ಅದಕ್ಕೆ ಐವತ್ತೆಂಟು ಎಂದು ಹೆಸರು ಬಿತ್ತು. ಕ್ರಮೇಣ ಅವನ ಬೆನ್ನ ಹಿಂದೆ ಅವನಿಗೂ ಅದೇ ಹೆಸರಾಯಿತು. ಐವತ್ತೆಂಟು ಬಂತು, ಐವತ್ತೆಂಟು ಊಟಕ್ಕೆ ಹೋಯಿತು, ಐವತ್ತೆಂಟಿಗೆ ಇವತ್ತು ತಲೆ ಸರಿಯಿಲ್ಲ. ಕಾರಿಡಾರಿನಲ್ಲಿ ಕಿವಿಗೆ ಬಿದ್ದರೂ ಬೀಳದವನಂತೆ ನಡೆಯುತ್ತಿದ್ದ, ಒಳಗೊಳಗೇ ಅದು ಹಿತವಾಗಿಯೂ ಇತ್ತು. ಇತರರು ಆ ಪ್ರೋಟೀನನ್ನು ಹುಡುಕಿ ಕಾಣದೆ ಪತ್ರ ಬರೆದಾಗಲೆಲ್ಲ, ನಿಮ್ಮ ಕೈ ಪಳಗಿಲ್ಲ ಎಂಬರ್ಥದ ಎರಡು ಸಾಲು ಬರೆದು ಕಳಿಸುತ್ತಿದ್ದ. ಬಹಳ ಜನ ಸುಮ್ಮನಾದರು. ಸುಮ್ಮನಾಗುವವರ ಮೇಲೆ ಅವನಿಗೆ ಇನ್ನಷ್ಟು ತಿರಸ್ಕಾರ.

ಹನ್ನೊಂದಕ್ಕೆ ಸರಿಯಾಗಿ ಜರಡಿ ಬಂದಳು. ಮೂವತ್ತನಾಲ್ಕು ವರ್ಷದ ಸಂಶೋಧಕಿ. ಎರಡು ವರ್ಷದ ಹಿಂದೆ ಸೇರಿದ ಮೊದಲ ವಾರವೇ, ಇಲ್ಲಿ ರಕ್ತವನ್ನು ಯಾಕೆ ಸೋಸುವುದಿಲ್ಲ ಎಂದು ಎಲ್ಲರೆದುರು ಕೇಳಿದ್ದಳು. ಸೋಸುವುದೆಂದರೆ ಗಾಜಿನ ಕೊಳವೆಯಲ್ಲಿ ಹತ್ತಿಯಂಥ ಪುಡಿ ತುಂಬಿ ರಕ್ತವನ್ನು ತೊಟ್ಟು ತೊಟ್ಟಾಗಿ ಇಳಿಸುವುದು. ಬಿಳಿ ಕಣಗಳು ಅಂಟಿಕೊಳ್ಳುತ್ತವೆ, ಕೆಂಪು ಮಾತ್ರ ಕೆಳಗೆ ಬರುತ್ತದೆ, ಒಂದು ದಿನ ಹಾಳಾಗುತ್ತದೆ. ಅವನ ಪದ್ಧತಿ ಬೇರೆ. ಟ್ಯೂಬನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೆಂಪು ತಳಕ್ಕೆ ಕೂರುತ್ತದೆ, ಹಳದಿ ನೀರು ಮೇಲೆ ನಿಲ್ಲುತ್ತದೆ, ನಡುವೆ ಬಿಳಿ ಕಣಗಳ ಕಾಗದದಷ್ಟು ತೆಳುವಾದ ಪದರ. ಅದನ್ನು ಸಪೂರ ಕೊಳವೆಯಿಂದ ಮೂರು ಸಲ ಹೀರಿ ಚೆಲ್ಲಿದರೆ ಮುಗಿಯಿತು. ಕೈ ಇರುವವನಿಗೆ ಅಷ್ಟು ಸಾಕು, ಇಲ್ಲದವರು ಚಹಾ ಸೋಸಿದ ಹಾಗೆ ಸೋಸುತ್ತ ಕೂರಲಿ ಎಂದು ಅವನು ಅವಳಿಗೆ ಜರಡಿ ಎಂದು ಹೆಸರಿಟ್ಟ. ಅವಳು ನಕ್ಕು, ತನ್ನ ಚಹಾ ಲೋಟದ ಮೇಲೆ ಬಣ್ಣದಲ್ಲಿ 'ಜರಡಿ' ಎಂದೇ ಬರೆದುಕೊಂಡಳು. ಅವಮಾನವನ್ನು ಹೀಗೆ ಲೋಟಕ್ಕೆ ಅಂಟಿಸಿಕೊಂಡು ಓಡಾಡುವವರನ್ನು ಏನು ಮಾಡಬೇಕೆಂದು ಅವನಿಗೆ ತೋಚಿರಲಿಲ್ಲ.

ಅವಳು ಕೂತು, ಎರಡನೇ ಹಾಳೆಯೊಂದನ್ನು ಮೇಜಿನ ಮೇಲೆ ಅವನ ಕಡೆ ತಿರುಗಿಸಿ ಇಟ್ಟಳು. ಸೋಸಿದ ರಕ್ತದಲ್ಲಿ ಐವತ್ತೆಂಟು ಇಲ್ಲ, ಅದು ಮೊದಲ ಹಾಳೆ. ಆಮೇಲೆ ಅವಳಿಗೆ ಸಂಶಯ ಬಂದು ಹಳೇ ಫ್ರೀಜರಿನ ತಳದಿಂದ ಅವನ ಇಪ್ಪತ್ತೆರಡು ವರ್ಷದ ಹಿಂದಿನ ಡಬ್ಬಿಯನ್ನೇ ತೆಗೆದಿದ್ದಳು. ನಾಲ್ವರು ದಾನಿಗಳ ನಾಲ್ಕು ಪುಟ್ಟ ಟ್ಯೂಬು, ಮೇಲೆ ಒಂದರಿಂದ ನಾಲ್ಕು ಅಂಕೆ. ಒಂದು, ಎರಡು, ನಾಲ್ಕರಲ್ಲಿ ಗೆರೆ ಇದೆಯೋ ಇಲ್ಲವೋ ಅನ್ನುವಂತಿತ್ತು. ಮೂರರಲ್ಲಿ ಮಸಿ ಬಳಿದಂತೆ ಕಪ್ಪಗೆ, ದಪ್ಪಗೆ, ತಪ್ಪಿಸಿಕೊಳ್ಳುವ ಹಾಗಿಲ್ಲದಂತೆ. ಪುಸ್ತಕಗಳಲ್ಲೆಲ್ಲ ಅಚ್ಚಾಗಿರುವುದು ಈ ಮೂರನೆಯದರ ಚಿತ್ರವೇ ಎಂದು ಅವಳು ಮೆಲ್ಲಗೆ ಹೇಳಿದಳು. ಅವನಿಗೆ ಗೊತ್ತಿತ್ತು. ಆರಿಸಿದವನು ಅವನೇ. ಕೆಳಗೆ 'ನಾಲ್ವರು ಆರೋಗ್ಯವಂತ ವಯಸ್ಕರು' ಎಂದು ಬರೆದವನೂ ಅವನೇ.

ಗೆರೆ ಬಂದದ್ದು ಚೆಲ್ಲದೆ ಉಳಿದ ಬಿಳಿ ಕಣದಿಂದಾಗಿದ್ದರೆ ನಾಲ್ಕರಲ್ಲೂ ಒಂದೇ ಸಮ ಬರಬೇಕಿತ್ತು, ನಾಲ್ಕನ್ನೂ ಮಾಡಿದ ಕೈ ಒಂದೇ ಅಲ್ಲವೇ, ಎಂದಳು. ಹಾಗಾದರೆ ಮೂರನೇ ನಂಬರಿನವರಲ್ಲಿ ಈ ಪ್ರೋಟೀನು ನಿಜಕ್ಕೂ ಇದ್ದಿರಬಹುದು, ಲಕ್ಷಕ್ಕೊಬ್ಬರಲ್ಲಿ ಇರುವಂಥದು. ಅವರು ಯಾರೆಂದು ಗೊತ್ತಾದರೆ ಒಂದೇ ಒಂದು ಟ್ಯೂಬು ರಕ್ತದಲ್ಲಿ ವಿಷಯ ಬಗೆಹರಿಯುತ್ತದೆ. ಗೊತ್ತಾಗದಿದ್ದರೆ, ಅಪರೂಪದ ಕೆಲವರಲ್ಲಿ ಇರಬಹುದು, ದಾನಿಯ ಗುರುತು ಸಿಕ್ಕಿಲ್ಲ ಎಂದು ಒಂದು ವಾಕ್ಯ ಬರೆದು ಸಂಜೆ ಲೇಖನವನ್ನು ಪತ್ರಿಕೆಗೆ ಕಳಿಸಿಬಿಡುತ್ತಾಳೆ.

"ನೀವು ಹೇಳಿದ ಹಾಗೆ ಬರೀತೀನಿ ಸರ್. ನಿಮ್ಮ ಮಾತಿನ ಮೇಲೆ ಬಿಟ್ಟಿದ್ದೀನಿ."

ನೆನಪಿಲ್ಲ ಎಂದ. ಅಷ್ಟು ಬೇಗ ಹೇಳಿದ್ದು ಅನುಮಾನ ಹುಟ್ಟಿಸಿತೇನೋ ಎನ್ನಿಸಿ, ಆ ಕಾಲದಲ್ಲಿ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕರೆದು ಕೂರಿಸಿ ರಕ್ತ ತೆಗೆಯುತ್ತಿದ್ದೆವು, ಯಾರೋ ವಿದ್ಯಾರ್ಥಿ ಇರಬೇಕು ಎಂದು ಸೇರಿಸಿದ. ಅವಳು ತಲೆಯಾಡಿಸಿದಳು. ಬಾಗಿಲ ಹತ್ತಿರ ತಿರುಗಿ, ಇವತ್ತು ಮಂಗಳವಾರ, ಮೂರು ಗಂಟೆಗೆ ಪಕ್ಕದ ಆಸ್ಪತ್ರೆಯಿಂದ ಗುಬ್ಬಿ ರಕ್ತ ತೆಗೆಯಲು ಬರುತ್ತಾಳೆ, ಈ ಸಲ ನಿಮ್ಮದೂ ಬೇಕು, ಆ ಡಬ್ಬಿ ಮುಟ್ಟಿದವರೆಲ್ಲರದ್ದೂ ಹೋಲಿಸಬೇಕು ಎಂದಳು. ಮೂವತ್ತಮೂರು ವರ್ಷ ಇತರರ ರಕ್ತದಲ್ಲಿ ಕೈಯಾಡಿಸಿದ ಅವನು ತನ್ನದೊಂದು ಹನಿಯನ್ನೂ ಕೊಟ್ಟವನಲ್ಲ. ಸೂಜಿ ಕಂಡರೆ ಅಂಗೈ ಬೆವರುತ್ತಿತ್ತು. ಇದು ಇಡೀ ಕಟ್ಟಡಕ್ಕೆ ಗೊತ್ತು, ಮತ್ತು ಯಾರಿಗೂ ಗೊತ್ತಿಲ್ಲವೆಂದು ಅವನು ನಂಬಿಕೊಂಡಿದ್ದ.

ಯಾರೋ ವಿದ್ಯಾರ್ಥಿ. ಎಷ್ಟು ಸಲೀಸಾಗಿ ಬಾಯಿಗೆ ಬಂತು. ಆಗ ಪ್ರತಿ ಮಂಗಳವಾರ ಹನ್ನೆರಡೂವರೆಗೆ ಅಕ್ಕ ಬರುತ್ತಿದ್ದಳು, ಒಂದು ಕೈಯಲ್ಲಿ ಅವನ ಊಟದ ಡಬ್ಬಿ, ಇನ್ನೊಂದರಲ್ಲಿ ತನ್ನ ಕೊಡೆ, ಬಂದವಳೇ ಮುಂಗೈಯ ವಾಚು ಬಿಚ್ಚಿ ಮೇಜಿನ ಮೇಲಿಟ್ಟು ತೋಳು ಚಾಚುತ್ತಿದ್ದಳು. ನೀನು ಓದಿ ಇಷ್ಟು ದೊಡ್ಡವನಾದೆ, ನನ್ನ ಹತ್ತಿರ ಕೊಡೋಕೆ ಬೇರೆ ಏನಿದೆ, ಇದಾದರೂ ತಗೋ ಎನ್ನುತ್ತಿದ್ದಳು. ಐದು ವರ್ಷಕ್ಕೆ ದೊಡ್ಡವಳು. ರಕ್ತ ತೆಗೆಯುವವರು ಸೂಜಿ ಚುಚ್ಚುವಾಗ ಅವನು ಕಿಟಕಿಯ ಕಡೆ ತಿರುಗಿದರೆ ಅವಳಿಗೆ ನಗು; ನೋಡ್ರೀ ನಮ್ಮ ವಿಜ್ಞಾನಿನ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಅವನ ಮರ್ಯಾದೆ ತೆಗೆಯುತ್ತಿದ್ದಳು. ಆ ನಗುವಿಗೂ ಅವನಿಗೆ ಸಿಟ್ಟು ಬರುತ್ತಿತ್ತು. ಬೇರೆ ಮೂವರಿಗಿಂತ ಅವಳ ರಕ್ತದಲ್ಲಿ ಗೆರೆ ಚೆನ್ನಾಗಿ ಬಂತು, ಅದಕ್ಕೇ ಅವರನ್ನು ಬಿಟ್ಟು ಅವಳನ್ನೇ ಪ್ರತಿ ವಾರ ಕರೆಸಿದ. ವಾರದಿಂದ ವಾರಕ್ಕೆ ಗೆರೆ ಕಪ್ಪಾಗುತ್ತ ಹೋಯಿತು. ತನ್ನ ಕೈ ಪಳಗುತ್ತಿದೆ ಎಂದುಕೊಂಡ. ಆ ಐದು ತಿಂಗಳು ಅವನು ಬದುಕಿನಲ್ಲೇ ಅತ್ಯಂತ ಸುಖವಾಗಿದ್ದ. ಅಕ್ಕ ಮೆಟ್ಟಿಲ ನಡುವೆ ನಿಂತು ಸುಧಾರಿಸಿಕೊಳ್ಳತೊಡಗಿದ್ದಳು, ಎಡಪಕ್ಕೆಯಲ್ಲಿ ಏನೋ ಭಾರ ಎನ್ನುತ್ತಿದ್ದಳು, ವಾಚಿನ ಪಟ್ಟಿ ಕೊನೆಯ ತೂತಿಗೆ ಬಂದಿತ್ತು. ಇನ್ನೊಂದು ತೂತು ಹಾಕಿಕೊಡೋ ಎಂದು ಕೇಳಿದಳು. ಅವನು ಪ್ರಯೋಗಾಲಯದ ದಬ್ಬಳದಿಂದ ಹಾಕಿಕೊಟ್ಟ.

ಯಂತ್ರದ ಕೋಣೆ ನೆಲಮಾಳಿಗೆಯಲ್ಲಿ. ಯಾಕೆ ಇಳಿಯುತ್ತಿದ್ದೇನೆಂದು ಅವನಿಗೆ ಸ್ಪಷ್ಟವಿರಲಿಲ್ಲ. ಒಬ್ಬನ ಬಾಯಿ ಭದ್ರವಾಗಿದೆಯೇ ಎಂದು ಅಲ್ಲಾಡಿಸಿ ನೋಡಬೇಕಾಗಿತ್ತು. ಗಾಣದವನು ಸ್ಟೂಲಿನ ಮೇಲೆ ಕೂತು ಯಂತ್ರದ ಮುಚ್ಚಳದ ರಬ್ಬರಿಗೆ ಪೌಡರು ಹಚ್ಚುತ್ತಿದ್ದ. ರಕ್ತದ ಟ್ಯೂಬು ತಿರುಗಿಸುವ ಆ ದೊಡ್ಡ ಯಂತ್ರಕ್ಕೆ ಇಲ್ಲಿ ಮೊದಲಿನಿಂದ ಗಾಣ ಎಂದೇ ಹೆಸರು, ಅದನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುವ ಟೆಕ್ನೀಷಿಯನ್ ಗಾಣದವನು. ಐವತ್ತೇಳು ವಯಸ್ಸು, ದಪ್ಪ ಮೀಸೆ, ಮೇಲಿನ ಜೇಬಿನಲ್ಲಿ ಯಾವಾಗಲೂ ಆರಿಂಚಿನ ಸ್ಟೀಲಿನ ಸ್ಕೇಲು. ಆ ಸ್ಕೇಲನ್ನು ಕಂಡರೆ ಅವನಿಗೆ ಆಗದು. ಅದು ಗಾಣದವನ ಜೇಬಿಗೆ ಬಂದದ್ದು ತನ್ನಿಂದಲೇ.

ಇಪ್ಪತ್ತೆರಡು ವರ್ಷದ ಹಿಂದೆಯೂ ಕೋಣೆ ಹೀಗೇ ಇತ್ತು, ಗೋಡೆಯ ಬಣ್ಣ ಮಾತ್ರ ಬೇರೆ. ಗಾಣದವನು ಅಕ್ಕನ ಟ್ಯೂಬನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದ್ದ. ಕಾಗದದಷ್ಟು ಇರಬೇಕಾದ ಬಿಳಿ ಪದರ ಹಾಲಿನ ಕೆನೆಯಂತೆ ಎದ್ದು ಕೂತಿತ್ತು. ಅವನು ಅದನ್ನು ಕಂಡಿದ್ದ, ಅದರ ಅರ್ಥ ಏನೆಂದು ಕೇಳಿಕೊಳ್ಳುವ ಮುಂಚೆ ಕೂಗಾಡಿದ್ದ. ನಿನ್ನ ಕೈಲಿ ಒಂದು ಯಂತ್ರವನ್ನು ನೆಟ್ಟಗೆ ತಿರುಗಿಸೋಕೆ ಆಗಲ್ಲ, ವೇಗ ಕಮ್ಮಿ ಇಟ್ಟಿದ್ದೀಯ, ನನ್ನ ಸ್ಯಾಂಪಲ್ ಹಾಳು ಮಾಡ್ತಿದ್ದೀಯ. ಗಾಣದವನು ವೇಗದ ಮುಳ್ಳನ್ನು ತೋರಿಸಿದ. ಮತ್ತೆ ತಿರುಗಿಸಿದರು. ಪದರ ಅಷ್ಟೇ ಇತ್ತು. ಸಾರ್, ಅಕ್ಕಾವ್ರನ್ನ ಒಂದ್ಸಲ ಡಾಕ್ಟರಿಗೆ ತೋರಿಸಿದ್ರೆ, ಎಂದು ಗಾಣದವನು ಶುರು ಮಾಡಿದ್ದ. ನೀನು ಯಾವಾಗ ಡಾಕ್ಟರಾದೆ ಎಂದು ಅವನು ಕೇಳಿದ್ದ, ಆಗ ಅಲ್ಲಿದ್ದ ಇಬ್ಬರು ವಿದ್ಯಾರ್ಥಿಗಳು ನಕ್ಕಿದ್ದರು, ಗಾಣದವನೂ ಸೇರಿ ನಕ್ಕಿದ್ದ. ಮುಂದಿನ ವಾರ ಗಾಣದವನ ಜೇಬಿಗೆ ಸ್ಕೇಲು ಬಂತು. ಮತ್ತೆ ಬೈಸಿಕೊಳ್ಳಬಾರದೆಂದು ಪ್ರತಿ ಟ್ಯೂಬಿನ ಪದರ ಅಳೆದು ತನ್ನ ಪುಟ್ಟ ಪುಸ್ತಕದಲ್ಲಿ ಬರೆದಿಡತೊಡಗಿದ. ಗಾಣದವನು ಅಳೆದು ಕೊಟ್ಟ ಪದರವನ್ನು ಅವನು ಮೂರು ಸಲದ ಬದಲು ಐದು ಸಲ, ಆರು ಸಲ ಹೀರಿ ಚೆಲ್ಲಿದ. ಹೀರಿದಷ್ಟೂ ಉಳಿಯುತ್ತಿತ್ತು, ಉಳಿದದ್ದೇ ಗೆರೆಯಾಗುತ್ತಿತ್ತು. ಇದು ಅವನಿಗೆ ಇವತ್ತು ಗೊತ್ತಾದದ್ದೇನಲ್ಲ.

ಜರಡಿ ಹಳೇ ಡಬ್ಬಿ ತೆಗೆದಿದ್ದಾಳೆ, ಮೂರನೇ ನಂಬರು ಯಾರದೆಂದು ಕೇಳುತ್ತಿದ್ದಾಳೆ, ನಿನ್ನನ್ನೂ ಕೇಳಬಹುದು ಎಂದು ಈಗ ಹೇಳಿದ. ದನಿಯಲ್ಲಿ ಸಡಿಲ ತರಲು ನೋಡಿದ, ಬರಲಿಲ್ಲ. ಗಾಣದವನು ರಬ್ಬರನ್ನು ಒತ್ತಿ ಕೂರಿಸಿ, ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಕೇಳಿದರು, ಬೆಳಿಗ್ಗೆಯೇ ಕೇಳಿದರು ಎಂದ. ಏನು ಹೇಳಿದೆ ಎಂದರೆ, ಸಾರನ್ನೇ ಕೇಳಿ ಎಂದೆ ಎಂದ. ಇದರಲ್ಲಿ ಧಿಮಾಕು ಇದೆಯೇ ಎಂದು ಅವನು ಆ ಮೀಸೆಯನ್ನು ನೋಡಿದ. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಬೈದು ಮೇಲೆ ಹತ್ತಬಹುದಿತ್ತು.

"ನಿನಗೆ ಆಗಲೇ ಗೊತ್ತಿತ್ತಲ್ಲ," ಎಂದ. "ಮತ್ತೆ ಯಾಕೆ ಹೇಳ್ಲಿಲ್ಲ?"

"ಒಂದ್ಸಲ ಹೇಳಿದ್ನಲ್ಲ ಸಾರ್. ಆಮೇಲೆ ನೀವು ತೋರಿಸಿರ್ತೀರಿ ಅಂದ್ಕೊಂಡೆ. ಓದಿದೋರು, ಅದೂ ಸ್ವಂತ ಅಕ್ಕ. ತೋರಿಸ್ದೆ ಇರ್ತಾರಾ ಅಂತ ಸುಮ್ನಾದೆ."

ಅಷ್ಟು ಹೇಳಿ ಗಾಣದವನು ಮುಚ್ಚಳ ಹಾಕಿ, ಸರಿಯಾಗಿ ಕೂತಿದೆಯೇ ಎಂದು ನಾಲ್ಕು ಕಡೆ ತಟ್ಟಿ ನೋಡಿದ. ಯಂತ್ರದ ಬಗ್ಗೆ ಇವನಿಗಿರುವ ಕಾಳಜಿ ಕಂಡು ಅವನಿಗೆ ಹೇಸಿಗೆಯಾಯಿತು. ಇಪ್ಪತ್ತೆರಡು ವರ್ಷ ಈ ಮನುಷ್ಯ ನೆಲಮಾಳಿಗೆಯಲ್ಲಿ ಕೂತು ತನ್ನ ಸಾರನ್ನು ಒಳ್ಳೆಯವನೆಂದು ನಂಬಿದ್ದ. ಅಥವಾ ನಂಬಿದಂತೆ ಇದ್ದ. ಯಾವುದು ಹೆಚ್ಚು ಅವಮಾನವೆಂದು ತೀರ್ಮಾನಿಸಲಾಗದೆ ಮೆಟ್ಟಿಲು ಹತ್ತಿದ, ನಡುವೆ ನಿಂತು ಉಸಿರು ಬಿಟ್ಟ, ಅಕ್ಕ ನಿಲ್ಲುತ್ತಿದ್ದ ಮೆಟ್ಟಿಲು ಇದಲ್ಲ, ಅದು ಮುಂಬಾಗಿಲಿನದು, ಎಂದು ತನಗೆ ತಾನೇ ಹೇಳಿಕೊಂಡ.

ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದ. ತಪ್ಪೊಪ್ಪಿಕೊಳ್ಳುವವರನ್ನು ಅವನು ಬಹಳ ನೋಡಿದ್ದ. ಸಭೆಗಳಲ್ಲಿ ಎದ್ದು ನಿಂತು, ಗಂಟಲು ಕಟ್ಟಿಸಿಕೊಂಡು, ನನ್ನಿಂದ ತಪ್ಪಾಯಿತು ಎಂದು ಹೇಳಿ ಮೊದಲಿಗಿಂತ ದೊಡ್ಡವರಾಗಿ ಕೂತುಕೊಳ್ಳುವವರು; ಅದೂ ಒಂದು ವ್ಯಾಪಾರ. ತಾನು ಅಂಥವನಲ್ಲ. ಮೇಲಾಗಿ ಯಾರಿಗೆ ಒಪ್ಪಿಸುವುದು? ಅಕ್ಕ ಸತ್ತು ಇಪ್ಪತ್ತೊಂದು ವರ್ಷ. ಆರೇ ಆರು ತಿಂಗಳು ಮೊದಲು ಬಂದಿದ್ದರೆ ನಾವು ಏನಾದರೂ ಮಾಡಬಹುದಿತ್ತು ಎಂದು ಆಸ್ಪತ್ರೆಯ ಡಾಕ್ಟರು, ಬಿಳಿ ಕಣ ಮಿತಿಮೀರಿದ ಆ ಕಾಯಿಲೆಯ ಹೆಸರನ್ನು ಎರಡು ಸಲ ಹೇಳಿ, ಕೈ ತೊಳೆಯುತ್ತ ಹೇಳಿದ್ದರು. ಆರು ತಿಂಗಳು ಮೊದಲು ಅಂದರೆ ಯಾವ ಮಂಗಳವಾರವೆಂದು ಅವನು ಅಲ್ಲೇ ಕಾರಿಡಾರಿನಲ್ಲಿ ನಿಂತು ಲೆಕ್ಕ ಹಾಕಿದ್ದ, ಅದು ಎರಡನೆಯದು. ಅಕ್ಕನ ಹನ್ನೊಂದು ವರ್ಷದ ಮಗಳು ಬೆಂಚಿನ ಮೇಲೆ ಕಾಲು ಆಡಿಸುತ್ತ, ಅಮ್ಮ ಯಾವಾಗ ಮನೆಗೆ ಬರ್ತಾಳೆ ಮಾಮ ಎಂದು ಕೇಳುತ್ತಿದ್ದಳು. ಅವಳೇ ಗುಬ್ಬಿ. ಅವನ ಮನೆಯಲ್ಲೇ ಬೆಳೆದಳು, ಅವನ ಹೆಂಡತಿಯನ್ನು ಅತ್ತೆ ಎನ್ನುತ್ತ ಅವಳಿಂದಲೇ ಜಡೆ ಹಾಕಿಸಿಕೊಂಡಳು, ಪಕ್ಕದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದಳು. ಅಮ್ಮನ ಕಾಯಿಲೆಯಿಂದಾಗಿ ಈ ಕೆಲಸ ಆರಿಸಿಕೊಂಡೆ ಎಂದು ಒಮ್ಮೆ ಹೇಳಿದಾಗ ಅವನು, ಸಿನಿಮಾ ಮಾತಾಡಬೇಡ ಎಂದು ಗದರಿಸಿದ್ದ. ಅವಳು ನಕ್ಕುಬಿಟ್ಟಿದ್ದಳು. ಎಲ್ಲರೂ ಅವನೆದುರು ನಕ್ಕುಬಿಡುತ್ತಾರೆ. ಯಾರೋ ವಿದ್ಯಾರ್ಥಿ ಎಂಬ ಎರಡು ಮಾತು ಸಾಕು, ಅಪರೂಪದ ಕೆಲವರಲ್ಲಿ ಇರಬಹುದು ಎಂದು ಅಚ್ಚಾಗುತ್ತದೆ, ಆಹ್ವಾನಪತ್ರದ ಮೇಲೆ ಗೆರೆ ಇರುತ್ತದೆ, ಗುಬ್ಬಿ ಮಾಮ ಎನ್ನುತ್ತಿರುತ್ತಾಳೆ. ಯೋಚಿಸಿದಷ್ಟೂ ಅದು ಸರಿಯಾಗಿಯೇ ಕಂಡಿತು. ಮೂರು ಗಂಟೆಗೆ ತೋಳಿನ ಗುಂಡಿ ಬಿಚ್ಚಿಕೊಂಡು ಹೋದ.

ಕೋಣೆಯಲ್ಲಿ ಅಗಲ ಕೈಯಿನ ಒಂದು ಕುರ್ಚಿ, ಗೋಡೆಗೆ ಒಂದು ಬೆಂಚು. ಗುಬ್ಬಿ ತಟ್ಟೆ ಹರಡಿಕೊಂಡಿದ್ದಳು: ಹತ್ತಿ, ಸೂಜಿ, ರಬ್ಬರ್ ಪಟ್ಟಿ, ನೇರಳೆ ಮುಚ್ಚಳದ ಟ್ಯೂಬುಗಳು. ಜರಡಿ ಮೊದಲು ಕೊಟ್ಟಳು, ಆಮೇಲೆ ಗಾಣದವನು. ಟ್ಯೂಬಿಗೆ ಚೀಟಿ ಅಂಟಿಸುವ ಮುಂಚೆ ಎದುರಿಗಿದ್ದವರ ಬಾಯಿಂದಲೇ ಹೆಸರು, ವಯಸ್ಸು ಹೇಳಿಸಬೇಕೆಂಬುದು ಆಸ್ಪತ್ರೆಯ ನಿಯಮ; ಗುಬ್ಬಿ ಇಲ್ಲಿ ಅದನ್ನು ಪಾಲಿಸುತ್ತಿರಲಿಲ್ಲ, ಮನೆಯವರ ಹೆಸರು ಕೇಳ್ತಾರಾ ಎಂದು ಮಾತಾಡುತ್ತಲೇ ಗೀಚಿ ಅಂಟಿಸಿದಳು. ಕೊಟ್ಟವರಿಬ್ಬರೂ ತೋಳು ಮಡಚಿಕೊಂಡು ಬೆಂಚಿನ ಮೇಲೆ ಕೂತರು. ಅವನು ಕುರ್ಚಿಗೆ ಬಂದ. ಗುಬ್ಬಿ ಅವನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಅಂತೂ ಮಾಮಂಗೆ ಇವತ್ತು ಮುಹೂರ್ತ ಬಂತು, ಆ ಕಡೆ ಕ್ಯಾಲೆಂಡರ್ ನೋಡು, ನನ್ನ ಕೈ ನೋಡಬೇಡ ಎಂದಳು. ಅವನ ಅಂಗೈ ಒದ್ದೆಯಾಗಿತ್ತು. ಅವಳು ಅದನ್ನು ತನ್ನ ಅಂಗೈಯಿಂದಲೇ ಒರೆಸಿದಳು. ಅವಳ ಮುಂಗೈಯಲ್ಲಿ ಅಕ್ಕನ ವಾಚು ಇತ್ತು. ಪಟ್ಟಿಯ ತುದಿಯಲ್ಲಿ, ಕಂಪೆನಿಯ ತೂತುಗಳ ಸಾಲಿನಿಂದ ಕೊಂಚ ಆಚೆ, ಓರೆಯಾಗಿ ಬಿದ್ದ ಅವನ ತೂತು.

ಸೂಜಿ ಹೋದದ್ದು ಗೊತ್ತೇ ಆಗಲಿಲ್ಲ. ಇಷ್ಟಕ್ಕೆ ಮೂವತ್ತಮೂರು ವರ್ಷ ಕಿಟಕಿ ನೋಡಿದೆನೇ ಎನ್ನಿಸಿತು. ಜರಡಿ ಬೆಂಚಿನಿಂದ, ಮೂರನೇ ನಂಬರಿನವರು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಗುಬ್ಬಿಗೆ ವಿಷಯವೆಲ್ಲ ಹೇಳತೊಡಗಿದಳು, ಲಕ್ಷಕ್ಕೊಬ್ಬರು, ಒಂದೇ ಟ್ಯೂಬು. ಗುಬ್ಬಿ ಟ್ಯೂಬು ತುಂಬುವುದನ್ನು ನೋಡುತ್ತ ಕೇಳಿಸಿಕೊಂಡಳು.

"ಅಮ್ಮನೂ ಕೊಡ್ತಿದ್ಳಲ್ಲ," ಎಂದಳು. "ಅಮ್ಮನ ನಂಬರ್ ಎಷ್ಟು ಮಾಮ?"

ಗಾಣದವನು ನೆಲ ನೋಡುತ್ತಿದ್ದ. ಅವನು ಕ್ಯಾಲೆಂಡರ್ ನೋಡಿದ.

"ಮೂರೇ ಇದ್ರೆ ನನ್ನದೂ ತಗೊಳ್ಳೇ," ಎಂದು ಗುಬ್ಬಿ ಜರಡಿಯ ಕಡೆ ತಿರುಗಿ ನಕ್ಕಳು. "ನನ್ನಲ್ಲೂ ಇರಬಹುದಲ್ವಾ? ಅಮ್ಮಂದು ಅಂತ ನನ್ನ ಹತ್ರ ಈ ವಾಚು ಬಿಟ್ರೆ ಏನೂ ಇಲ್ಲ. ಅದಾದ್ರೂ ಇರ್ಲಿ."

ಇರಬಹುದು, ಖಂಡಿತ ಇರಬಹುದು ಎಂದು ಜರಡಿ ಎದ್ದು ನಿಂತಳು, ಮುಖ ಅರಳಿತ್ತು. ಈ ಇಬ್ಬರ ಸಂತೋಷ ಅವನಿಗೆ ಸಹಿಸಲಾಗಲಿಲ್ಲ. ಇಷ್ಟು ಸುಲಭವಾಗಿ ನಂಬುವವರ ಮೇಲೆ ಎಂದಿನ ತಿರಸ್ಕಾರ ಬರಲೆಂದು ಕಾದ. ಬಂತು, ಆದರೆ ಅವರ ಕಡೆ ಹೋಗದೆ ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟಿತು. ಇಲ್ಲದ್ದನ್ನು ಹುಡುಕಿ ಇವಳು ವಾರ ವಾರ ತೋಳು ಚಾಚುತ್ತಾಳೆ, ಅಕ್ಕನ ಹಾಗೇ, ನಗುತ್ತ, ಅದೇ ವಾಚು ಬಿಚ್ಚಿಟ್ಟು. ಅದನ್ನು ಅವನಿಂದ ಮತ್ತೊಮ್ಮೆ ನೋಡಲಾಗದು.

"ಮೂರು ಅಕ್ಕಂದೇ," ಎಂದ. "ನಿನ್ನಲ್ಲಿ ಇರಲ್ಲ ಗುಬ್ಬಿ. ಅದು ಕೆಂಪು ಕಣದ್ದಲ್ಲ. ಬಿಳೀದರದ್ದು. ಅವಳ ಟ್ಯೂಬಲ್ಲಿ ಬಿಳೀದು ಜಾಸ್ತಿ ಇತ್ತು."

ಜರಡಿ ನಿಂತಲ್ಲೇ ನಿಂತಳು. ಗುಬ್ಬಿಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ದಿನಕ್ಕೆ ನೂರು ಟ್ಯೂಬು ನೋಡುವವಳು, ಅಂಥದೊಂದು ಕಂಡರೆ ಕೆಲಸ ಬಿಟ್ಟು ಡಾಕ್ಟರ ಬಳಿ ಓಡುವವಳು. ಅವಳ ಕೈ ಸೂಜಿಯನ್ನು ಅಲ್ಲಾಡದಂತೆ ಹಿಡಿದೇ ಇತ್ತು.

"ಎಷ್ಟು?" ಎಂದಳು.

ಅವನು ಬಿಡುವಾಗಿದ್ದ ಕೈಯ ಹೆಬ್ಬೆರಳು ತೋರುಬೆರಳುಗಳನ್ನು ಅಗಲಿಸಿ ತೋರಿಸಿದ. ಬೆರಳುಗಳು ತಾವಾಗಿ ಹತ್ತಿರ ಬರುತ್ತಿದ್ದವು. ಅವು ಬರುತ್ತಿರುವುದನ್ನು ಅವನು ನೋಡಿದ, ಅವಳೂ ನೋಡಿದಳು, ಆದರೂ ಅವನು ತಡೆಯಲಿಲ್ಲ.

"ಏಳು ಮಿಲಿಮೀಟರ್," ಎಂದು ಬೆಂಚಿನ ಮೇಲಿಂದ ಗಾಣದವನು ಹೇಳಿದ. ತಲೆ ಎತ್ತಿರಲಿಲ್ಲ. "ಕೊನೇ ಮಂಗಳವಾರ ಏಳಿತ್ತು ಕಣವ್ವ. ನಾನು ಮೊದಲು ಅಳೆದಾಗ ಎರಡು."

"ಕೊನೇದು ಅಂದ್ರೆ? ಎಷ್ಟು ಮಂಗಳವಾರ?"

ಗುಬ್ಬಿ ಇದನ್ನು ಕೇಳಿದ್ದು ಗಾಣದವನನ್ನಲ್ಲ, ಮಾಮನನ್ನು. "ಇಪ್ಪತ್ತೊಂದು," ಎಂದು ಅವನು ಹೇಳಿದ. ನನಗೆ ಗೊತ್ತಿತ್ತು ಎಂದೂ ಹೇಳಬೇಕಿತ್ತು, ಆದರೆ ಯಾರೂ ಅದನ್ನು ಕೇಳಲಿಲ್ಲ.

ಗುಬ್ಬಿ ರಬ್ಬರ್ ಪಟ್ಟಿ ಸಡಿಲಿಸಿದಳು. ಸೂಜಿ ತೆಗೆದು ಹತ್ತಿ ಒತ್ತಿದಳು, ಅವನ ತೋಳನ್ನು ಮಡಚಿ ಮೇಲಕ್ಕೆ ತಿರುಗಿಸಿದಳು, ಟ್ಯೂಬನ್ನು ಮೇಲೆ ಕೆಳಗೆ ಎಂಟು ಸಲ ನಿಧಾನವಾಗಿ ಆಡಿಸಿದಳು, ಎಲ್ಲವೂ ಅಚ್ಚುಕಟ್ಟಾಗಿ. ಅವನು ಅವಳ ಮುಖ ಹುಡುಕಿದ. ತಿರಸ್ಕಾರವಾಗಿದ್ದರೆ ಅವನಿಗೆ ಗುರುತು ಸಿಗುತ್ತಿತ್ತು, ಅದರ ಬಗೆಗಳೆಲ್ಲ ಅವನಿಗೆ ಗೊತ್ತು. ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆಲ್ಲ ಅವಳು ತೋರಿಸುವಂಥ ಮುಖವಿತ್ತು. ಅವಳು ಚೀಟಿ ಹರಿದು, ಪೆನ್ನಿನ ಮುಚ್ಚಳ ತೆಗೆದು ಕಾದಳು.

"ಹೆಸರು, ವಯಸ್ಸು ಹೇಳಿ."

ಹೇಳಿದ. ಬರೆದುಕೊಂಡಳು.

"ಐದು ನಿಮಿಷ ಕೈ ಬಿಡಿಸ್ಬೇಡಿ, ಸರ್."

ತಟ್ಟೆ ಜೋಡಿಸಿಕೊಂಡು ಹೊರಟಳು. ಜರಡಿ ಅವಳ ಹಿಂದೆ ಹೋದಳು. ಗಾಣದವನು ಮೂರು ಟ್ಯೂಬುಗಳನ್ನು ಎತ್ತಿಕೊಂಡು ನೆಲಮಾಳಿಗೆಗೆ ಇಳಿದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಗಾಣ ತಿರುಗುವ ಸದ್ದು ಬಂತು, ಏರಿತು, ಒಂದೇ ಸಮನಾಯಿತು. ಅವನು ಅಗಲ ಕೈಯಿನ ಕುರ್ಚಿಯಲ್ಲಿ ತೋಳು ಮಡಚಿಕೊಂಡು ಕೂತಿದ್ದ. ಐದು ನಿಮಿಷ ಯಾವಾಗಲೋ ಕಳೆದಿತ್ತು. ಬಿಡಿಸಬಹುದು ಎಂದು ಯಾರೂ ಬಂದು ಹೇಳಲಿಲ್ಲ.